ಲಾಲ್ ದೇವೂಳವೂ ಬಾಗ್ದಾದಿನ ಯೆಹೂದ್ಯರೂ

ಕೊಂಢವಾದಿಂದ ಲಷ್ಕರಿನ ಪೇಟೆಗೆ ಬರುವ ಕನ್ನಡಿಗರು ಮೋಲೆದಿನಾ ರಸ್ತೆಯ ಬಳಿಯ ಕೆಂಪು ಇಟ್ಟಿಗೆಯ ಗೋಪುರವನ್ನು ಇಗರ್ಜಿಯೆಂದೇ ಬಗೆಯುವುದುಂಟು. ಸೇನಾ ಇಂಜಿನಿಯರಾದ ವಿಲ್ಕಿನ್ಸ್ ಅದನ್ನು ಗಾಥಿಕ್ ಶೈಲಿಯಲ್ಲಿ ರಚಿಸಿದುದೇ ಈ ಭ್ರಮೆಗೆ ಕಾರಣ. ಮರಾಠಿಗರಿಗೆ ಅದು ಲಾಲ್ ದೇವೂಳ. (ಈ ದೇವೂಳವೂ ನಮ್ಮ ದೇಗುಲವೂ ದೇವಕುಲ ಶಬ್ದದಿಂದಲೇ ಬಂದವು.) ಅದರ ನಿಜನಾಮ ಒಹೆಲ್ ದಾವೀದ್, ಎಂದರೆ ದಾವೀದನ ಗುಡಾರ. ಅದು ಯೆಹೂದ್ಯರ ಪ್ರಾರ್ಥನಾಮಂದಿರ. ಅದನ್ನು ಕಟ್ಟಿಸಿದ ದಾವೀದ್ ಸಸೂನ್ ಜನಿಸಿದುದು 1792ರಲ್ಲಿ, ತುರ್ಕರ ಸಾಮ್ರಾಜ್ಯಕ್ಕೆ ಸೇರಿದ್ದ ಬಾಗ್ದಾದಿನಲ್ಲಿ.

ತುರ್ಕರ ನಾಡಿನ ಯೆಹೂದ್ಯರೆಲ್ಲರೂ ಒಂದೇ ಮೂಲದವರಲ್ಲ. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟವರಿಗೆ ಸುಲ್ತಾನ ಎರಡನೆಯ ಬಾಯಜೀದನು ಆಶ್ರಯವಿತ್ತನು. ಇಸ್ತಾಂಬುಲ್, ಸಲೋನಿಕಗಳಲ್ಲಿ ನೆಲಸಿದ ಅವರು ಹಳೆಯ ಸ್ಪ್ಯಾನಿಷನ್ನೇ ಹೀಬ್ರೂ ಅಕ್ಷರಗಳಲ್ಲಿ ಬರೆಯುತ್ತ ನಾಲ್ಕು ಶತಮಾನಗಳ ಕಾಲ ಮನೆಮಾತಾಗಿ ಉಳಿಸಿಕೊಂಡರು. ಬಾಗ್ದಾದಿನವರಾದರೋ ಬಾಬಿಲೋನಿನ ಸೆರೆಯ ಕಾಲದಿಂದ, ಅಂದರೆ ತುರ್ಕರು ಬರುವುದಕ್ಕೆ ಸುಮಾರು ಎರಡು ಸಾವಿರ ವರ್ಷ ಮೊದಲಿನಿಂದಲೂ, ಆ ನೆಲದವರೇ. ಅವರ ಮಾತು ಅರಬೀ, ಲಿಪಿ ಹೀಬ್ರೂ. ವಿಶೇಷ ತೆರಿಗೆ ತೆತ್ತವರಿಗೆ ಮದುವೆ, ದಾಯಭಾಗ, ಪೂಜೆಗಳಲ್ಲಿ ಸ್ವಂತ ಮುಖಂಡರ ಆಡಳಿತವನ್ನು ಸುಲ್ತಾನರು ಮಾನ್ಯ ಮಾಡಿದ್ದರು. ಆದರೆ ದೂರದ ಪ್ರಾಂತಗಳಲ್ಲಿ ಈ ರಕ್ಷಣೆ ಆಯಾ ಪಾಶಾನ ಮರ್ಜಿಯನ್ನೇ ಅವಲಂಬಿಸಿತ್ತು.

ದಾವೂದ್ ಪಾಶಾನ ಕಿರುಕುಳ ಹೆಚ್ಚಿದಾಗ, ಪಾಶಾರ ಖಜಾಂಚಿಯಾಗಿದ್ದವನ ಮಗನಾದ ಸಸೂನನಿಗೂ ಬಾಗ್ದಾದಿನಲ್ಲಿ ನೆಲೆಯಿಲ್ಲವಾಯಿತು. ಪಾರಸೀಕದ ಬುಶೇರ್ ಬಂದರಿಗೆ ಓಡಿಹೋದ ಆತ 1832ರ ಸುಮಾರಿಗೆ ಮುಂಬಯಿ ಸೇರಿದನು. ಪುಣೆಯ ಸಸೂನ್ ಆಸ್ಪತ್ರೆ ಆತನ ದಾನದಿಂದಲೇ ಎದ್ದಿತು. ಆ ಸಂಪತ್ತಿನ ದೊಡ್ಡ ಪಾಲು ಚೀನಕ್ಕೆ ಸಾಗಿದ ಅಫೀಮಿನದೆಂಬುದನ್ನು ಆತನ ಔದಾರ್ಯವನ್ನು ಕೊಂಡಾಡುವವರು ಮುಚ್ಚಿಡುವುದು ಸರಿಯಲ್ಲ.

ಸಸೂನನು ಕಡೆಯವರೆಗೂ ಬಾಗ್ದಾದಿನ ಉಡುಪನ್ನೂ ಅರಬೀ ಮಾತನ್ನೂ ಬಿಡಲಿಲ್ಲ. ಹೀಬ್ರೂ ಲಿಪಿಯ ಅರಬೀ ವಾರಪತ್ರಿಕೆಯೊಂದು 1850ರ ದಶಕದಲ್ಲಿ ಮುಂಬಯಿಯಿಂದಲೇ ಹೊರಟಿತೆಂದರೆ ಅಂದಿನ ಸಮಾಜದ ಭಾಷಾಭಿಮಾನ ತಿಳಿಯುತ್ತದೆ. ಆದರೆ ಮಕ್ಕಳ ಕಾಲಕ್ಕೇ ಗಾಳಿ ಬದಲಾಯಿತು. ಹಿರಿಯ ಮಗ ಅಬ್ದುಲ್ಲಾ ಆಲ್ಬರ್ಟ್ ಆಗಿ ಲಂಡನ್ನಿನಲ್ಲಿ ನೆಲಸಿದನು. ಮರಿಮಗ ಸೀಗ್‌ಫ್ರೀಡ್ ಇಂಗ್ಲಿಷ್ ಕವಿಯೆಂದು ಹೆಸರಾದನು. ಬಾಗ್ದಾದಿನಲ್ಲಿ ಉಳಿದಿದ್ದವರಲ್ಲಿ ಬಹುಮಂದಿ 1950–51ರಲ್ಲಿ ಇಸ್ರೇಲಿಗೆ ತೆರಳಿದರು.

1863ರಲ್ಲಿ ಆರಂಭವಾದ ಮಂದಿರ 1867ರಲ್ಲಿ ಮುಗಿಯಿತು. ಅದನ್ನು ಕಾಣಲು ಸಸೂನನಿರಲಿಲ್ಲ. 1864ರಲ್ಲಿ ಪುಣೆಯಲ್ಲೇ ತೀರಿಕೊಂಡಿದ್ದ ಆತನ ಸಮಾಧಿ ಅದೇ ಆವರಣದಲ್ಲಿದೆ. ಈಗ ಅಲ್ಲಿ ಪ್ರಾರ್ಥನೆಗೆ ಕೂಡುವವರಲ್ಲಿ ಹೆಚ್ಚಿನವರು ಕೊಂಕಣದಿಂದ ಬಂದ, ಮರಾಠಿ ಮನೆಮಾತಿನ ಬೆನೆ ಇಸ್ರಾಯೇಲರು.