ಚಿಗರಿ ನಂಬಿದ ಬಂಡಿ

ಹುಮನಾಬಾದಿನಿಂದ ಬೀದರಿಗೆ ಸಾಗುವ ಹಾದಿಯಲ್ಲಿ ಹಳ್ಳಿಖೇಡ (ಬಿ) ಇದೆ. ಸುತ್ತಲೂ ಜೋಳ, ತೊಗರಿ, ಕಬ್ಬಿನ ಹೊಲಗಳು; ನಡುನಡುವೆ ಜಂಬಿಟ್ಟಿಗೆಯ ಬೋಳು ದಿಣ್ಣೆಗಳು, ಹುಲ್ಲು ಬಯಲುಗಳು. ದಟ್ಟವಾದ ಅಡವಿಯಿಲ್ಲದ ಈ ಸೀಮೆಯಲ್ಲಿ ಬೇಟೆಗೆ ಎಡೆಯೆಲ್ಲಿ ಎಂದು ಪಟ್ಟಣದವರಿಗೆ ತೋರಬಹುದು. ಆದರೆ ಬೀದರ ಜಿಲ್ಲೆಯ ಬಯಲಿಗೆ ತನ್ನದೇ ಆದ ಮೃಗವೊಂದುಂಟು. ಸಂಸ್ಕೃತದಲ್ಲಿ ಅದು ಕೃಷ್ಣಮೃಗ. ರೈತರ ಬಾಯಲ್ಲಿ ಚಿಗರಿ.

ಹೆಣ್ಣು ಚಿಗರಿ ಒಣಹುಲ್ಲಿನ ಬಣ್ಣದ್ದು, ಅದಕ್ಕೆ ಕೋಡಿಲ್ಲ. ಗಂಡು ಪ್ರಾಯಕ್ಕೆ ಬಂದಂತೆ ಬೆನ್ನು ಕಪ್ಪಾಗುತ್ತದೆ, ಹೊಟ್ಟೆ ಬೆಳ್ಳಗೆ ಉಳಿಯುತ್ತದೆ, ತಲೆಯ ಮೇಲೆ ತಿರುಪು ತಿರುಪಾದ ಎರಡು ಕೋಡುಗಳು ಏಳುತ್ತವೆ. ಹೆದರಿದಾಗ ಹಿಂಡಿಗೆ ಹಿಂಡೇ ಚೆಂಡಿನಂತೆ ನೆಗೆದು ನೆಗೆದು ಓಡುವುದನ್ನು ಒಮ್ಮೆ ಕಂಡವರು ಮರೆಯಲಾರರು. ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದ ಆ ಓಟಕ್ಕೆ ಸರಿಗಟ್ಟುವ ಪ್ರಾಣಿಗಳು ವಿರಳ.

ಇಂಥ ಮೃಗವನ್ನು ಮನುಷ್ಯನು ಹಿಡಿದುದು ಓಟದ ಬಲದಿಂದಲ್ಲ, ಯುಕ್ತಿಯಿಂದ. ನಡೆದು ಬರುವ ಅಪರಿಚಿತನನ್ನು ದೂರದಿಂದಲೇ ಕಂಡು ಓಡಿಹೋಗುವ ಚಿಗರಿ, ಎತ್ತಿನ ಬಂಡಿಗೆ ಹೆದರುವುದಿಲ್ಲ. ದಿನವೂ ಹೊಲಕ್ಕೆ ಹೋಗಿ ಬರುವ ಬಂಡಿ ಅದರ ಪಾಲಿಗೆ ಬಯಲಿನದೇ ಒಂದು ಭಾಗ. ಈ ಗುಟ್ಟು ಬೇಟೆಗಾರನಿಗೆ ತಿಳಿಯಿತು. ಬಯಲು ಸೀಮೆಯ ಬೇಟೆಯ ಇತಿಹಾಸದಲ್ಲಿ ಹೆಚ್ಚಿನ ಪಾಲು ಆ ನಂಬಿಕೆಯನ್ನು ಬಳಸಿಕೊಂಡ ಕಥೆಯೇ ಆಗಿದೆ.

ಕಲ್ಯಾಣದ ಅರಸನ ವಿನೋದ

ಹುಮನಾಬಾದಿನ ನೆರೆಯ ತಾಲ್ಲೂಕು ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅದು ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವೆಂಬ ಮಹಾಗ್ರಂಥವನ್ನು ರಚಿಸಿದನು. ರಾಜ್ಯಭಾರದಿಂದ ಹಿಡಿದು ಅಡುಗೆ, ಸಂಗೀತ, ಚಿತ್ರಕಲೆಗಳವರೆಗೆ ಅದರಲ್ಲಿ ಹೇಳದ ವಿಷಯವಿಲ್ಲ. ಅರಸರ ವಿನೋದಗಳ ಸಾಲಿನಲ್ಲಿ ಮೃಗಯೆಗೂ ಅಲ್ಲಿ ವಿಸ್ತಾರವಾದ ಸ್ಥಾನವಿದೆ. ಜಿಂಕೆಗಳನ್ನು ಬೇಟೆಯಾಡುವ ಹಲವಾರು ವಿಧಾನಗಳನ್ನು ಅರಸನು ಒಂದೊಂದಾಗಿ ವಿವರಿಸಿದ್ದಾನೆ. ಸಾಕಿದ ಚೀತಾದಿಂದ ಬೇಟೆಯಾಡಿಸುವುದರ ಬಗ್ಗೆ ಭಾರತದಲ್ಲಿ ದೊರೆಯುವ ಅತ್ಯಂತ ಹಳೆಯ ಆಧಾರಗಳಲ್ಲಿ ಈ ಗ್ರಂಥವೂ ಒಂದೆಂದು ವಿದ್ವಾಂಸರು ಎಣಿಸುತ್ತಾರೆ.

ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ, ಬಸವಣ್ಣನವರೂ ಇತರ ಶರಣರೂ ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದು ಬೋಧಿಸಿದರೆಂಬುದು ಗಮನಿಸತಕ್ಕ ಸಂಗತಿ. ಬೇಟೆಯ ಉಲ್ಲಾಸ ಮತ್ತು ಜೀವದ ಮೇಲಿನ ಮರುಕ, ಎರಡೂ ಒಂದೇ ನೆಲದಲ್ಲಿ ಹುಟ್ಟಿದವು. ಅನೇಕ ವೇಳೆ ಅವು ಒಬ್ಬನೇ ಬೇಟೆಗಾರನ ಮನಸ್ಸಿನಲ್ಲಿಯೂ ಒಟ್ಟಿಗೆ ನೆಲೆಸಿದುದುಂಟು.

ಕಣ್ಣು ಕಟ್ಟಿದ ಸಿವಂಗಿ

ಕನ್ನಡದಲ್ಲಿ ಚೀತಾಕ್ಕೆ ಸಿವಂಗಿ ಎಂದು ಹೆಸರು. ಅದನ್ನು ಬೇಟೆಗೆ ಒಯ್ಯುತ್ತಿದ್ದುದು ಎತ್ತಿನ ಬಂಡಿಯಲ್ಲಿ. ಕಣ್ಣಿಗೆ ಚರ್ಮದ ಮುಸುಕು ಹಾಕಿ, ನಡುವಿಗೆ ಹಗ್ಗ ಕಟ್ಟಿ ಕೂರಿಸಿದ ಸಿವಂಗಿಯನ್ನು ಹೊತ್ತು ಬಂಡಿ ಮೆಲ್ಲಮೆಲ್ಲನೆ ಹಿಂಡಿನ ಕಡೆಗೆ ಸರಿಯುತ್ತಿತ್ತು. ಚಿಗರಿಗಳು ತಲೆಯೆತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ಸಾಕಷ್ಟು ಸಮೀಪವಾದೊಡನೆ ಮುಸುಕು ಕಳಚುತ್ತಿದ್ದರು. ಮುಂದಿನದೆಲ್ಲ ಕೆಲವು ಕ್ಷಣಗಳ ಮಾತು. ಕೆಲವು ನೂರು ಗಜಗಳೊಳಗೆ ಸಿಕ್ಕಿತೋ ಸಿಕ್ಕಿತು. ಇಲ್ಲವಾದರೆ ಸಿವಂಗಿ ಬೆನ್ನಟ್ಟುವುದನ್ನು ಬಿಟ್ಟು ಕುಳಿತುಬಿಡುತ್ತಿತ್ತು. ಸಿಕ್ಕರೆ ಗಂಟಲು ಹಿಡಿದು ನಿಲ್ಲುತ್ತಿತ್ತು. ಪಾಲಕನು ಓಡಿಬಂದು, ಬೇಟೆಯ ನೆತ್ತರನ್ನು ಸೌಟಿನಲ್ಲಿ ಹಿಡಿದು ಅದಕ್ಕೆ ಕುಡಿಸಿ, ಮತ್ತೆ ಮುಸುಕು ಹಾಕುತ್ತಿದ್ದನು.

ಮೊಗಲರ ಅಕ್ಬರನ ಬಳಿ ಒಂದೇ ಕಾಲಕ್ಕೆ ಸಾವಿರ ಚೀತಾಗಳಿದ್ದುವೆಂದು ಅವನ ಮಗ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಜಹಾಂಗೀರನೂ ಕಟ್ಟಾ ಬೇಟೆಗಾರ. ಆದರೂ, ಕಾಡು ಚಿಗರಿಗಳನ್ನು ಹಿಡಿಯಲು ಪಳಗಿಸಿದ್ದ ಅವನ ಮೆಚ್ಚಿನ ಚಿಗರಿ ಮಾನಸರಾಜ ಸತ್ತಾಗ, ಅವನು ಅದಕ್ಕೆ ಗೋರಿ ಕಟ್ಟಿಸಿ, ಆ ಬಯಲಿನಲ್ಲಿ ಯಾರೂ ಚಿಗರಿಯ ಬೇಟೆಯಾಡಬಾರದೆಂದು ಆಜ್ಞೆ ಮಾಡಿದನು. ಇಂದಿನ ಪಾಕಿಸ್ತಾನದ ಶೇಖುಪುರದಲ್ಲಿರುವ ಹಿರನ್ ಮಿನಾರ್ ಆ ಮಮತೆಯ ಸ್ಮಾರಕ. ಸಾವಿರಾರು ಮೃಗಗಳನ್ನು ಕೊಂದ ಕೈ ಒಂದೇ ಒಂದು ಮೃಗಕ್ಕಾಗಿ ಗೋಪುರ ಕಟ್ಟಿತು. ತಾನು ಹತ್ತಿರದಿಂದ ಬಲ್ಲ ಪ್ರಾಣಿಯನ್ನು ಮನುಷ್ಯನು ಕೊಲ್ಲಲಾರನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಹೊಟ್ಟೆಗಾಗಿ ಬೇಟೆ

ಅರಸರಿಗೆ ವಿನೋದವಾಗಿದ್ದುದು ಬಡವನಿಗೆ ಬದುಕಾಗಿತ್ತು. ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿಗಳೆಂದು ಕರೆಯಿಸಿಕೊಳ್ಳುವ ಪಾರಧಿಗಳ ಹೆಸರಿನಲ್ಲಿಯೇ ಹರಿಣವಿದೆ. ಅವರಿಗೆ ಸಿವಂಗಿಯೂ ಇಲ್ಲ, ಕೋವಿಯೂ ಇಲ್ಲ. ಉದ್ದನೆಯ ಹಗ್ಗಕ್ಕೆ ಸಾಲಾಗಿ ಉರುಲುಗಳನ್ನು ಕಟ್ಟಿ, ಹಿಂಡು ಹಾಯುವ ದಾರಿಯಲ್ಲಿ ಹಾಸಿ, ಇನ್ನೊಂದು ಕಡೆಯಿಂದ ಮೆಲ್ಲನೆ ಅಟ್ಟುವುದು ಅವರ ಕ್ರಮ. ಪಳಗಿಸಿದ ಹಸುವಿನ ಮರೆಯಲ್ಲಿ ನಡೆದು ಕೌಜುಗ ಹಕ್ಕಿಗಳನ್ನು ಸಮೀಪಿಸುವುದರಲ್ಲಿಯೂ ಅವರು ನಿಸ್ಸೀಮರು. ಗಾಳಿ ಯಾವ ಕಡೆಯದು, ಹಿಂಡು ಎಲ್ಲಿ ಮಲಗುತ್ತದೆ, ಮರಿ ಹಾಕುವ ಹೆಣ್ಣು ಎಲ್ಲಿ ಅಡಗುತ್ತದೆ, ಇದೆಲ್ಲ ಅವರಿಗೆ ಪುಸ್ತಕವಿಲ್ಲದ ವಿದ್ಯೆ.

ಆದರೆ ಲೋಕವು ಈ ಎರಡು ಬೇಟೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಬೀದರ ಸೀಮೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಶಿಕಾರಿಯೆಂಬುದು ದೊರೆತನದ ಲಕ್ಷಣ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಹುಲಿಬೇಟೆಗೆ ಹೆಸರಾದವರು. 1902ರಲ್ಲಿ ವೈಸರಾಯ್ ಕರ್ಜನ್ ದಂಪತಿಗಳು ಸಂಸ್ಥಾನದಲ್ಲಿ ಕೊಂದ ಹುಲಿಯೊಡನೆ ನಿಂತ ಛಾಯಾಚಿತ್ರ ಇಂದಿಗೂ ಪ್ರಸಿದ್ಧ. ಇತ್ತ ಬೊಂಬಾಯಿ ಪ್ರಾಂತದಲ್ಲಿ ಹರಣಶಿಕಾರಿಗಳು ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿದರು. 1871ರಲ್ಲಿ ಮೊದಲಾದ ಆ ಶಾಸನದ ಹೊರೆ ಇಳಿದುದು 1952ರಲ್ಲಿ. ಒಬ್ಬನ ಬೇಟೆ ಗೋಡೆಯ ಮೇಲಿನ ಚಿತ್ರವಾಯಿತು. ಇನ್ನೊಬ್ಬನದು ಪೊಲೀಸರ ದಫ್ತರದಲ್ಲಿ ಕಳಂಕವಾಯಿತು.

ಬಂಡಿಯಿಂದ ಜೀಪಿಗೆ

ಕೋವಿ ಬಂದ ಮೇಲೂ ಬಂಡಿಯ ಉಪಯೋಗ ತಪ್ಪಲಿಲ್ಲ. ಶಿಕಾರಿಯು ಬಂಡಿಯ ಮರೆಯಲ್ಲಿ ನಡೆಯುತ್ತ, ಹಿಂಡನ್ನು ನೇರವಾಗಿ ಸಮೀಪಿಸದೆ ಬಳಸಿಕೊಂಡು ಹೋಗಿ ಗುರಿಯಿಡುತ್ತಿದ್ದನು. ಒಳ್ಳೆಯ ಶಿಕಾರಿಗಳಲ್ಲಿ ಕೆಲವು ಕಟ್ಟುಪಾಡುಗಳಿದ್ದವು. ಹೆಣ್ಣನ್ನೂ ಮರಿಯನ್ನೂ ಹೊಡೆಯಬಾರದು; ನೀರಿಗೆ ಬಂದುದನ್ನು ಕೊಲ್ಲಬಾರದು; ಗಾಯಗೊಂಡುದನ್ನು ಎಷ್ಟು ದೂರವಾದರೂ ಹುಡುಕಿ ಸಂಕಟವನ್ನು ಮುಗಿಸಬೇಕು. ಈ ನೇಮಗಳನ್ನು ಎಲ್ಲರೂ ಪಾಲಿಸಿದರೆಂದಲ್ಲ. ಆದರೆ ಪಾಲಿಸದವನಿಗೆ ಬೇಟೆಗಾರರ ನಡುವೆ ಮರ್ಯಾದೆಯಿರಲಿಲ್ಲ. ಗುರಿ ತಪ್ಪುವ ಸಂಭವವಿರುವವರೆಗೆ, ಮೃಗಕ್ಕೂ ಬದುಕುವ ಅವಕಾಶವೊಂದು ಉಳಿದಿರುವವರೆಗೆ, ಈ ನೀತಿಗೆ ಅರ್ಥವಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ದೇಶದ ಬಯಲುಗಳಿಗೆ ಜೀಪು ಬಂದಿತು. ಅದರೊಡನೆ ಇರುಳನ್ನು ಸೀಳುವ ದೀಪವೂ ಬಂದಿತು. ಬೆಳಕು ಕಣ್ಣಿಗೆ ಬಿದ್ದ ಚಿಗರಿ ದಿಕ್ಕು ತೋಚದೆ ನಿಲ್ಲುತ್ತದೆ. ಹಗಲಿನಲ್ಲಿ ಓಡಿದರೂ ಚಕ್ರಗಳು ದಣಿಯುವುದಿಲ್ಲ. ಕಟ್ಟುಪಾಡೆಲ್ಲ ಗಾಳಿಗೆ ಹೋಯಿತು. ಭಾರತದ ಕಡೆಯ ಚೀತಾಗಳೆಂದು ಸಾಮಾನ್ಯವಾಗಿ ಹೇಳುವ ಮೂರನ್ನು 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದ ಅರಸನು ಕೊಂದುದೂ ರಾತ್ರಿಯ ವೇಳೆ, ಮೋಟಾರಿನಿಂದಲೇ. 1952ರಲ್ಲಿ ಚೀತಾ ಭಾರತದಿಂದ ಅಳಿಯಿತೆಂದು ಸಾರಲಾಯಿತು. ಕಲ್ಯಾಣದ ಅರಸನು ವರ್ಣಿಸಿದ ಬೇಟೆಯಲ್ಲಿ ಬೆನ್ನಟ್ಟಿದ ಪ್ರಾಣಿ ಇಲ್ಲವಾಯಿತು. ಬೆನ್ನಟ್ಟಿಸಿಕೊಂಡದ್ದು ಹೇಗೋ ಉಳಿಯಿತು. 2022ರಲ್ಲಿ ನಮೀಬಿಯದಿಂದ ಎಂಟು ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಬೇಕಾಗಿ ಬಂದಿತು.

ಕೋವಿ ಕೆಳಗಿಟ್ಟ ಮೇಲೆ

ಚೀತಾದ ಅಳಿವನ್ನು ಸಾರಿದ 1952ರಲ್ಲಿಯೇ ವನ್ಯಜೀವಿಗಳ ಕೇಂದ್ರ ಮಂಡಳಿಯ ಮೊದಲ ಸಭೆ ಮೈಸೂರಿನಲ್ಲಿ ನಡೆಯಿತು. ಅದರ ಅಧ್ಯಕ್ಷರು ಜಯಚಾಮರಾಜ ಒಡೆಯರು, ಸ್ವತಃ ಬೇಟೆಯನ್ನು ಬಲ್ಲವರು. ಮೃಗಗಳು ಮಾಯವಾಗುತ್ತಿರುವುದನ್ನು ಮೊದಲು ಕಂಡವರಲ್ಲಿ ಬೇಟೆಗಾರರೂ ಇದ್ದರೆಂಬುದು ಸಹಜವೇ. ಕಾಡನ್ನು ತುಳಿದವನಿಗಲ್ಲದೆ ಕಾಡು ಬರಿದಾದುದು ಇನ್ನಾರಿಗೆ ತಿಳಿದೀತು? ಮುಂದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗಕ್ಕೆ ಅತ್ಯುಚ್ಚ ರಕ್ಷಣೆ ಕೊಟ್ಟಿತು. ಅದನ್ನು ಕೊಂದವನಿಗೆ ಸೆರೆಮನೆವಾಸವುಂಟು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗಾಗಿಯೇ ಅಭಯಧಾಮವಾಯಿತು. ಬೇಟೆಗಾರನ ಮನಸ್ಸಿನೊಳಗಿದ್ದ ಕಟ್ಟುಪಾಡು ಸಡಿಲವಾದಾಗ, ಅದರ ಸ್ಥಾನದಲ್ಲಿ ಸರಕಾರದ ಕಟ್ಟಳೆ ಬಂದು ನಿಂತಿತು.

ಕಟ್ಟಳೆಯಿಂದ ಕೋವಿ ಕೆಳಗಿಳಿದುದೇನೋ ನಿಜ. ಆದರೆ ಚಿಗರಿಯ ಹಣೆಬರಹ ಅಷ್ಟಕ್ಕೇ ತೀರಲಿಲ್ಲ. ಬೀದರ ಸೀಮೆಯಲ್ಲಿ ಹುಲ್ಲು ಬಯಲು ಕಿರಿದಾಗಿ, ಹೊಲ ಹಿರಿದಾಗಿದೆ. ಹಿಂಡು ಮೇಯಬೇಕಾದರೆ ಹೊಲಕ್ಕೇ ಇಳಿಯಬೇಕು. ಮುಂಗಾರಿನಲ್ಲಿ ಎಳೆಯ ಮೊಳಕೆ, ಹಿಂಗಾರಿನಲ್ಲಿ ಕಡಲೆಯ ಚಿಗುರು, ಎರಡೂ ಅದಕ್ಕೆ ಇಷ್ಟವೇ. ಸಾಲ ಮಾಡಿ ಬೀಜ ಬಿತ್ತಿದ ರೈತನಿಗೆ ಒಂದೇ ಇರುಳಿನಲ್ಲಿ ಆಗುವ ನಷ್ಟ ಸಣ್ಣದಲ್ಲ. ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ಆದರೆ ಅರ್ಜಿ ಬರೆಯುವ ಕೈಗೆ ಅಂದಿನ ಮೊಳಕೆ ಮರಳಿ ಬಾರದು. ಚಿಗರಿಯ ಚೆಲುವನ್ನು ಪಟ್ಟಣದವರು ಹೊಗಳುತ್ತಾರೆ. ಅದರ ಮೇವಿನ ಬೆಲೆಯನ್ನು ತೆರುವವನು ಹಳ್ಳಿಯವನು.

ಅವನ ಬಳಿ ಇಂದು ಇರುವ ಆಯುಧ ಬಡಿಯಲು ಒಂದು ಡಬ್ಬಿ, ಕೂಗಲು ಒಂದು ಗಂಟಲು, ಬೆಳಗಿನವರೆಗೆ ಎಚ್ಚರವಾಗಿರುವ ಎರಡು ಕಣ್ಣು. ಹಿಂಡನ್ನು ತನ್ನ ಹೊಲದಿಂದ ಎಬ್ಬಿಸಿ ಆಚೆಗೆ ಅಟ್ಟುವುದಷ್ಟೇ ಅವನು ಮಾಡಬಹುದಾದ ಬೇಟೆ. ಸೋಮೇಶ್ವರನ ಬೇಟೆಗಾರರಿಗಿಂತ, ನಿಜಾಮರ ಶಿಕಾರಿಗಳಿಗಿಂತ, ಈ ಕಾವಲುಗಾರನ ಸಂಯಮವೇ ದೊಡ್ಡದೆಂದರೆ ತಪ್ಪಾಗಲಾರದು. ಏಕೆಂದರೆ ಅವರಿಗೆ ಚಿಗರಿಯಿಂದ ಯಾವ ಕೇಡೂ ಇರಲಿಲ್ಲ, ಇವನಿಗೆ ಇದೆ.

ಬೆಳಗಾದೊಡನೆ ಅವನು ಹೊಲದ ದಾರಿ ಹಿಡಿಯುತ್ತಾನೆ. ಬಂಡಿಯೋ ಟ್ರ್ಯಾಕ್ಟರೋ ದಿಣ್ಣೆಯ ಮಗ್ಗುಲಲ್ಲಿ ಹಾದುಹೋಗುತ್ತದೆ. ಕರಿಯ ಬೆನ್ನಿನ ಗಂಡೊಂದು ತಲೆಯೆತ್ತಿ ನೋಡುತ್ತದೆ. ಮರೆಯಲ್ಲಿ ಸಿವಂಗಿಯಿಲ್ಲ, ಕೋವಿಯಿಲ್ಲ. ಅದು ಮತ್ತೆ ತಲೆ ತಗ್ಗಿಸಿ ಮೇಯತೊಡಗುತ್ತದೆ. ಸುಮಾರು ಒಂಬತ್ತು ನೂರು ವರ್ಷಗಳ ತರುವಾಯ ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಅಥವಾ ಕೆಡಿಸುವುದು ಈಗ ಮನುಷ್ಯನ ಕೈಯಲ್ಲಿದೆ.