ಎರಡೂವರೆ ಗಂಟೆಯ ಸಿಂಗಪುರ

ಬಸ್ಸು ಹತ್ತಿದವರ ತಲೆಗಳನ್ನು ಆಂಟಿ ಎರಡು ಸಲ ಎಣಿಸುತ್ತಾರೆ. ಮುಂದಿನಿಂದ ಹಿಂದಕ್ಕೊಮ್ಮೆ, ಹಿಂದಿನಿಂದ ಮುಂದಕ್ಕೊಮ್ಮೆ. ಎರಡು ಲೆಕ್ಕವೂ ತಾಳೆಯಾದ ಮೇಲೆಯೇ ಬಾಗಿಲು ಮುಚ್ಚುವುದು. ಆಮೇಲೆ ಮೈಕು ಹಿಡಿದು, ಯಾರ ವಿಮಾನ ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಾರೆ. ಮೆಲ್ಬರ್ನ್‌ಗೆ ಹೋಗುವ ಗಂಡ ಹೆಂಡತಿ, ಟೋಕಿಯೊಗೆ ಹೊರಟ ಹುಡುಗರು, ಮದುವೆಗೆಂದು ಮನಿಲಾಕ್ಕೆ ಹೊರಟ ದೊಡ್ಡ ಸಂಸಾರ. ಎಲ್ಲರಿಗಿಂತ ಮೊದಲು ಹಾರಬೇಕಾದವರು ಯಾರೆಂದು ಗೊತ್ತಾದ ಕೂಡಲೇ ಅವರನ್ನು ಮುಂದಿನ ಸೀಟಿಗೆ ಕರೆದು ಕೂರಿಸುತ್ತಾರೆ. "ಇವತ್ತು ಈ ಬಸ್ಸಿನ ಗಡಿಯಾರ ನೀವೇ. ನಾನು ಮಾತಾಡ್ತಾ ಮೈಮರೆತರೆ ಕೆಮ್ಮಿ."

ಆಂಟಿಯ ಹೆಸರು ಕೊರಳಿನ ಬ್ಯಾಡ್ಜಿನಲ್ಲಿದೆ. ಆದರೆ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಸಿಂಗಪುರದಲ್ಲಿ ಹಿರಿಯರೆಲ್ಲ ಅಂಕಲ್, ಆಂಟಿ. ಟ್ಯಾಕ್ಸಿಯವರೂ ಅಂಕಲ್, ಕಾಫಿ ಕೊಡುವವರೂ ಆಂಟಿ. ಈ ವಿಷಯದಲ್ಲಿ ನಮ್ಮವರಿಗೆ ಅಲ್ಲಿ ಏನೂ ಹೊಸದೆನಿಸುವುದಿಲ್ಲ. ಚೀನೀ ಮೂಲದ ಈ ಹೆಂಗಸು ಎಪ್ಪತ್ತರ ಹತ್ತಿರದವರು. ಕೈಯಲ್ಲೊಂದು ಹಳದಿ ಛತ್ರಿ. ಅದು ಮಳೆಗೂ ಆಯಿತು, ಬಿಸಿಲಿಗೂ ಆಯಿತು, ಗುಂಪಿಗೆ ಬಾವುಟವೂ ಆಯಿತು.

ಚಾಂಗಿ ವಿಮಾನ ನಿಲ್ದಾಣದಲ್ಲಿ ಒಂದು ವಿಮಾನದಿಂದಿಳಿದು ಇನ್ನೊಂದಕ್ಕಾಗಿ ಕಾಯುವವರನ್ನು ಊರೊಳಗೆ ಸುತ್ತಾಡಿಸಿ ವಾಪಸು ತಂದುಬಿಡುವ ಈ ವ್ಯವಸ್ಥೆ ಪೂರಾ ಉಚಿತ. ವಿಮಾನ ನಿಲ್ದಾಣದ ಕಂಪನಿ, ಸಿಂಗಪುರ ಏರ್‌ಲೈನ್ಸ್ ಮತ್ತು ಅಲ್ಲಿನ ಪ್ರವಾಸೋದ್ಯಮ ಮಂಡಳಿ ಸೇರಿ ನಡೆಸುತ್ತವೆ. ಶುರುವಾಗಿದ್ದು 1980ರ ದಶಕದಲ್ಲಿ. ಕೋವಿಡ್ ಕಾಲದಲ್ಲಿ ನಿಂತುಹೋಗಿ 2023ರಲ್ಲಿ ಮತ್ತೆ ಆರಂಭವಾಯಿತು. ಎರಡು ವಿಮಾನಗಳ ನಡುವೆ ಕನಿಷ್ಠ ಐದೂವರೆ ಗಂಟೆ ಇರಬೇಕು, ಇಪ್ಪತ್ನಾಲ್ಕು ಗಂಟೆ ಮೀರಬಾರದು. ಪ್ರವಾಸ ಎರಡೂವರೆ ಗಂಟೆಯದು. ಆನ್‌ಲೈನ್‌ನಲ್ಲಿ ಮೊದಲೇ ಹೆಸರು ಬರೆಸಬಹುದು. ಸೀಟು ಉಳಿದಿದ್ದರೆ ನಿಲ್ದಾಣದೊಳಗಿನ ಕೌಂಟರಿನಲ್ಲೂ ಕೊಡುತ್ತಾರೆ. ಪಾಸ್‌ಪೋರ್ಟು, ಮುಂದಿನ ವಿಮಾನದ ಬೋರ್ಡಿಂಗ್ ಪಾಸು ಕೈಯಲ್ಲಿರಬೇಕು. ಭಾರದ ಚೀಲಗಳನ್ನು ಲಗೇಜು ಕೊಠಡಿಯಲ್ಲಿ ಇಟ್ಟು ಬರಬೇಕು. ನಗರದ ಮುಖ್ಯ ನೋಟಗಳದು ಒಂದು ಪ್ರವಾಸ, ಹಳೆಯ ಕೇರಿಗಳದು ಇನ್ನೊಂದು. ಚಾಂಗಿ ಸುತ್ತಮುತ್ತಲಿನದು ಬೇರೆ, ಪಕ್ಕದಲ್ಲೇ ಇರುವ ಜ್ಯೂಯೆಲ್ ಕಟ್ಟಡದ್ದು ಬೇರೆ.

ಇಷ್ಟು ಮಾಹಿತಿ ಕರಪತ್ರದಲ್ಲೂ ಸಿಗುತ್ತದೆ. ಅದರಲ್ಲಿ ಸಿಗದಿರುವುದು ಆಂಟಿಯ ಕೆಲಸ.

ಒಂದು ಊರನ್ನು ನೂರೈವತ್ತು ನಿಮಿಷಗಳಲ್ಲಿ ಹೇಳಬೇಕು. ಅದರಲ್ಲಿ ಹೋಗಿ ಬರುವ ದಾರಿಗೇ ಗಂಟೆಯ ಹತ್ತಿರ ಬೇಕು. ಕೇಳುವವರಲ್ಲಿ ಅರ್ಧ ಜನ ರಾತ್ರಿಯಿಡೀ ನಿದ್ದೆಗೆಟ್ಟವರು, ಹೊತ್ತಿನ ಲೆಕ್ಕ ತಪ್ಪಿದವರು. ಹಿಂದಿನ ಸಾಲಿನಲ್ಲಿ ಇಬ್ಬರು ಬಸ್ಸು ಹೊರಡುವ ಮೊದಲೇ ಗೊರಕೆ ಹೊಡೆಯುತ್ತಿರುತ್ತಾರೆ. ಆಂಟಿ ಅವರನ್ನು ಎಬ್ಬಿಸುವುದಿಲ್ಲ. ಇಳಿಯುವ ಜಾಗ ಬಂದಾಗ ಮಾತ್ರ ದನಿ ಏರಿಸುತ್ತಾರೆ. ಕಿಟಕಿಯಾಚೆ ಏನಾದರೂ ಬರುವುದಕ್ಕೆ ಕೊಂಚ ಮೊದಲೇ ಅದರ ಮಾತು ಶುರು ಮಾಡಿರುತ್ತಾರೆ, ಕಟ್ಟಡ ಎದುರಿಗೆ ಬರುವ ಹೊತ್ತಿಗೆ ವಾಕ್ಯ ಮುಗಿದಿರುತ್ತದೆ. ಟ್ರಾಫಿಕ್ಕಿನಲ್ಲಿ ಬಸ್ಸು ನಿಂತರೆ ಹೇಳಲೆಂದೇ ಒಂದಿಷ್ಟು ಉಪಕಥೆಗಳನ್ನು ಇಟ್ಟುಕೊಂಡಿದ್ದಾರೆ. ರಸ್ತೆ ಖಾಲಿಯಿದ್ದ ದಿನ ಅವು ಹೊರಗೆ ಬರುವುದೇ ಇಲ್ಲ. ಸಿಂಗಪುರದಲ್ಲಿ ಪರವಾನಗಿಯಿಲ್ಲದೆ ಹಣಕ್ಕೆ ಗೈಡ್ ಕೆಲಸ ಮಾಡುವುದು ಅಪರಾಧ. ತರಬೇತಿ ಪಡೆದು, ಪರೀಕ್ಷೆ ಪಾಸಾದವರಿಗೆ ಮಾತ್ರ ಆ ಬ್ಯಾಡ್ಜು. ಆದರೆ ಯಾವ ವಾಕ್ಯವನ್ನು ಬಿಡಬೇಕು ಎಂಬುದನ್ನು ಯಾವ ಪರೀಕ್ಷೆಯೂ ಕಲಿಸಿದ ಹಾಗೆ ಕಾಣಲಿಲ್ಲ. ಅದು ಅವರ ಸ್ವಂತ ಗಳಿಕೆ.

ನಿಲ್ದಾಣದಿಂದ ಊರಿಗೆ ಬರುವ ಈಸ್ಟ್ ಕೋಸ್ಟ್ ಪಾರ್ಕ್‌ವೇ ರಸ್ತೆಯ ಇಕ್ಕೆಲದಲ್ಲೂ ಕೊಂಬೆ ಹರಡಿದ ಮಳೆಮರಗಳು, ನಡುವೆ ಕಾಗದದ ಹೂವಿನ ಪೊದೆಗಳು. ಎಡಗಡೆ ಮರಗಳ ಸಂದಿಯಲ್ಲಿ ಸಮುದ್ರ, ಅದರ ಮೇಲೆ ಸರದಿಗಾಗಿ ಲಂಗರು ಹಾಕಿ ನಿಂತ ಹಡಗುಗಳು. ಎಲ್ಲರೂ ಎಡಕ್ಕೆ ನೋಡುವಾಗ ಆಂಟಿ ಬಲಕ್ಕೆ ಕೈ ತೋರಿಸುತ್ತಾರೆ. "ನಾನು ಚಿಕ್ಕವಳಿದ್ದಾಗ ಸಮುದ್ರ ಆ ಕಡೆ ಇತ್ತು. ನೀವೀಗ ನೀರಿನ ಮೇಲೆ ಹೋಗ್ತಾ ಇದೀರಿ."

ಅದು ನಿಜ. ಪೂರ್ವ ಕರಾವಳಿಯಲ್ಲಿ ಸಮುದ್ರ ತುಂಬುವ ಕೆಲಸ 1966ರಲ್ಲಿ ಶುರುವಾಯಿತು. ಕಟಾಂಗ್ ಕಡೆಯ ಎಷ್ಟೋ ಹಳೆಯ ಮನೆಗಳ ಹಿತ್ತಿಲಿಗೆ ಮೊದಲು ಅಲೆ ಬಡಿಯುತ್ತಿತ್ತು. ಈಗ ಅಲ್ಲಿಂದ ಸಮುದ್ರ ಕಾಣಲು ರಸ್ತೆ ದಾಟಿ, ಉದ್ಯಾನ ದಾಟಿ ಬರಬೇಕು. 1887ರಲ್ಲಿ ಬೀಚ್ ರೋಡಿನಲ್ಲಿ ತೆರೆದ ರ್‍ಯಾಫಲ್ಸ್ ಹೋಟೆಲಿನ ಎದುರಿಗೇ ಕಡಲಿತ್ತು. ಬೀಚ್ ರೋಡ್ ಇನ್ನೂ ಇದೆ, ಬೀಚ್ ಇಲ್ಲ. 1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರಿದ್ದ ದೇಶ ಈಗ 730 ದಾಟಿದೆ. ನಾವು ಇಳಿದ ವಿಮಾನ ನಿಲ್ದಾಣದ ಬಹುಭಾಗವೂ ಸಮುದ್ರದಿಂದ ಪಡೆದ ನೆಲವೇ. ಪಾಯ ಲೇಬಾರ್‌ನಲ್ಲಿದ್ದ ಹಳೆಯ ನಿಲ್ದಾಣಕ್ಕೇ ಇನ್ನೊಂದು ರನ್‌ವೇ ಸೇರಿಸಿದರೆ ಸಾಕೆಂದು ತಜ್ಞರು ಹೇಳಿದ್ದರಂತೆ. ಆಗಿನ ಪ್ರಧಾನಿ ಲೀ ಕುವಾನ್ ಯೂ ಬಾಸ್ಟನ್ನಿನಲ್ಲಿ ವಿಮಾನಗಳು ನೀರಿನ ಮೇಲಿಂದ ಏರಿಳಿಯುವುದನ್ನು ಕಂಡಿದ್ದರು. ಸದ್ದು ಊರಿನ ಮೇಲೆ ಬೀಳದಿರುವುದು ಅವರ ಮನಸ್ಸಿನಲ್ಲಿ ಉಳಿದಿತ್ತು. 1975ರಲ್ಲಿ ಚಾಂಗಿ ಎಂದು ತೀರ್ಮಾನವಾಯಿತು, 1981ರಲ್ಲಿ ವಿಮಾನ ಇಳಿಯಿತು. ಆರು ವರ್ಷ! ನಮ್ಮ ಕಡೆ ಅಷ್ಟರಲ್ಲಿ ವರದಿಯ ಕರಡು ತಯಾರಾದರೆ ಪುಣ್ಯ.

ಇದನ್ನೆಲ್ಲ ಆಂಟಿ ಹೆಮ್ಮೆಯಿಂದಲೇ ಹೇಳುತ್ತಾರೆ. ಹೆಮ್ಮೆಯ ಪಕ್ಕದಲ್ಲೇ ಇನ್ನೊಂದು ದನಿಯೂ ಇದೆ. ಅವರು ಹುಟ್ಟಿದ್ದು ಕಡಲ ಬದಿಯ ಕಂಪಾಂಗ್‌ನಲ್ಲಿ, ಅಂದರೆ ತಗಡು ಹುಲ್ಲಿನ ಮನೆಗಳ ಹಳ್ಳಿಯಲ್ಲಿ. ಸರ್ಕಾರ ಫ್ಲ್ಯಾಟು ಕೊಟ್ಟಿತು, ಮನೆಗೇ ನಲ್ಲಿ ನೀರು ಬಂತು, ತಾಯಿ ಸುಖಪಟ್ಟರು. ಅಪ್ಪ ಮಾತ್ರ ಬಹಳ ದಿನ ಕೋಳಿ ಎಲ್ಲಿ ಸಾಕುವುದೆಂದು ಕೇಳುತ್ತಿದ್ದರಂತೆ. ಬಸ್ಸಿನವರು ನಕ್ಕರು. ಆಂಟಿಯೂ ನಕ್ಕು, ಮುಂದಿನ ಕಟ್ಟಡದ ಎತ್ತರ ಹೇಳತೊಡಗಿದರು.

ಮರ್ಲಯನ್ ಪ್ರತಿಮೆಯ ಬಳಿ ಬಿಡುವು ಸ್ವಲ್ಪವೇ. ಸಿಂಹದ ತಲೆ, ಮೀನಿನ ಮೈಯ ಈ ಪ್ರಾಣಿ ಪುರಾಣದ್ದಲ್ಲ; 1964ರಲ್ಲಿ ಪ್ರವಾಸೋದ್ಯಮದ ಲಾಂಛನವಾಗಿ ಬರೆಸಿದ್ದು. ಲಿಮ್ ನಾಂಗ್ ಸೆಂಗ್ ಎಂಬ ಶಿಲ್ಪಿ ಮಾಡಿದ 8.6 ಮೀಟರ್ ಎತ್ತರದ ಪ್ರತಿಮೆ 1972ರಲ್ಲಿ ನದಿಯ ಬಾಯಲ್ಲಿ ನಿಂತಿತು. 1997ರಲ್ಲಿ ಎದುರಿಗೆ ಸೇತುವೆ ಬಂದು ಸಿಂಹಕ್ಕೆ ಸಮುದ್ರ ಮರೆಯಾಯಿತು. ಹಾಗಾಗಿ 2002ರಲ್ಲಿ ಎಪ್ಪತ್ತು ಟನ್ನಿನ ಸಿಂಹವನ್ನೇ ಎತ್ತಿ ಈಚೆಗೆ ಇಟ್ಟರು. "ನಮ್ಮೂರಲ್ಲಿ ಸಿಂಹಕ್ಕೂ ವರ್ಗ ಆಗತ್ತೆ" ಎಂದು ಆಂಟಿ. ಸಿಂಹದ ಬಾಯಿಂದ ಚಿಮ್ಮುವ ನೀರನ್ನು ಜನ ಬಾಯಿ ತೆರೆದು ಕುಡಿಯುವಂತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಎದುರಿನ ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ ಬಗ್ಗೆ ನಾನು ಬರೆಯುವುದಿಲ್ಲ. ಅದನ್ನು ಸಿನಿಮಾಗಳಲ್ಲಿ ನೋಡದವರಿಲ್ಲ.

ಕಂಪಾಂಗ್ ಗ್ಲಾಮ್‌ನ ಸುಲ್ತಾನ್ ಮಸೀದಿಯ ಬಳಿ ಆಂಟಿ ಗುಂಪನ್ನು ಒಂದು ನಿರ್ದಿಷ್ಟ ಜಾಗಕ್ಕೆ ತಂದು ನಿಲ್ಲಿಸುತ್ತಾರೆ. ಚಿನ್ನದ ಬಣ್ಣದ ಗುಮ್ಮಟ ಎಲ್ಲರಿಗೂ ಕಾಣುತ್ತದೆ. ಅದರ ಬುಡದಲ್ಲಿ ಕಪ್ಪಗೆ ಹೊಳೆಯುವ ಪಟ್ಟಿಯನ್ನು ನೋಡಿ ಎನ್ನುತ್ತಾರೆ. ಅದು ಗಾಜಿನ ಸೀಸೆಗಳ ತಳ. 1932ರಲ್ಲಿ ಈ ಕಟ್ಟಡ ಮುಗಿಯುವ ಹೊತ್ತಿಗೆ ಉಳ್ಳವರು ಹಣ ಕೊಟ್ಟಿದ್ದರು. ಹಣವಿಲ್ಲದವರಿಂದ ಸೀಸೆಗಳನ್ನು ಪಡೆದು, ಗುಮ್ಮಟದ ಕೆಳಗೆ ಸುತ್ತಲೂ ಕೂರಿಸಿದರು. ಮಸೀದಿಯಲ್ಲಿ ತಮ್ಮದೂ ಒಂದು ಪಾಲಿದೆ ಎಂದು ಬಡವರಿಗೂ ಅನಿಸಬೇಕಲ್ಲ. ನಮ್ಮ ಜಾತ್ರೆ, ತೇರುಗಳಲ್ಲಿ ಅಕ್ಕಿ ಬೆಲ್ಲ ತಂದು ಸುರಿಯುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾತು ಮುಗಿಸಿ ಆಂಟಿ ಅರ್ಧ ನಿಮಿಷ ಸುಮ್ಮನಿದ್ದರು. ಅಷ್ಟು ಬಿಗಿ ವೇಳಾಪಟ್ಟಿಯಲ್ಲಿ ಅವರು ಬೇಕೆಂದೇ ಬಿಟ್ಟುಕೊಟ್ಟ ಅರ್ಧ ನಿಮಿಷ ಅದೊಂದೇ.

ಲಿಟ್ಲ್ ಇಂಡಿಯಾದಲ್ಲಿ ನನಗೆ ಹೊಟ್ಟೆ ಉರಿಯಿತು. ಸೆರಂಗೂನ್ ರಸ್ತೆಯ ಮಲ್ಲಿಗೆ ಮೊಳದ ವಾಸನೆ, ವೀರಮಾಕಾಳಿ ಅಮ್ಮನ ಗುಡಿಯ ಗೋಪುರ, 1947ರಿಂದ ದೋಸೆ ಹಾಕುತ್ತಿರುವ ಕೋಮಲ ವಿಲಾಸ್, ಎಲ್ಲವೂ ಕಿಟಕಿಯಾಚೆ ಸರಿದುಹೋದವು. ಹತ್ತು ನಿಮಿಷ ಕೊಟ್ಟಿದ್ದರೆ ಒಂದು ಕಾಫಿ ಕುಡಿದು ಬರುತ್ತಿದ್ದೆ ಎಂದೆ. "ಕಾಫಿಗೆ ಬಿಟ್ಟರೆ ದೋಸೆ ಕೇಳ್ತೀರಿ, ನಿಮ್ಮೋರು ನನಗೆ ಗೊತ್ತು" ಎಂದು ಹಳದಿ ಛತ್ರಿ ಅಲ್ಲಾಡಿಸಿದರು. ಗುಂಪು ಬಿಟ್ಟು ಹೋಗುವಂತಿಲ್ಲ, ಬಂದ ಬಸ್ಸಿನಲ್ಲೇ ವಾಪಸಾಗಬೇಕು. ಇದು ನಿಯಮ.

ನಮ್ಮೋರು ಎಂದರೆ ನೆನಪಾಗುವುದು ಇನ್ನೊಂದು. ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆಯ ಹಾದಿ. ಆಸ್ಟ್ರೇಲಿಯಾದಲ್ಲಿರುವ ಮಗನ ಮನೆಗೆ, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ನಮ್ಮ ಅಪ್ಪ ಅಮ್ಮಂದಿರು ಚಾಂಗಿಯಲ್ಲಿ ಆರು, ಎಂಟು ಗಂಟೆ ಕೂರುತ್ತಾರೆ. ಚಪಾತಿ, ಚಟ್ನಿಪುಡಿಯ ಡಬ್ಬಿ ಬಿಚ್ಚಿ ತಿಂದು, ಸರದಿಯ ಮೇಲೆ ನಿದ್ದೆ ಮಾಡುತ್ತಾರೆ. ಒಬ್ಬರು ಮಲಗಿದರೆ ಇನ್ನೊಬ್ಬರು ಚೀಲ ಕಾಯಬೇಕು. ಟರ್ಮಿನಲ್‌ಗಳ ನಡುವೆ ಓಡಾಡುವ ಪುಟ್ಟ ರೈಲು ಜ್ಯೂಯೆಲ್ ಕಟ್ಟಡದೊಳಗಿಂದ ಹಾದುಹೋಗುತ್ತದೆ. ಮೊಶೆ ಸಾಫ್ಡಿ ವಿನ್ಯಾಸ ಮಾಡಿ 2019ರಲ್ಲಿ ತೆರೆದ ಆ ಕಟ್ಟಡದ ನಲವತ್ತು ಮೀಟರ್ ಜಲಪಾತ ರೈಲಿನ ಗಾಜಿನಾಚೆ ಕೆಲವೇ ಕ್ಷಣ ಕಾಣುತ್ತದೆ. ಹೀಗೆ ವಿಮಾನ ಬದಲಿಸುವ ಬಹುಪಾಲು ಭಾರತೀಯರು ಕಂಡ ಸಿಂಗಪುರ ಅಷ್ಟೇ. ಜಲಪಾತದ ಬುಡಕ್ಕೆ ಹೋಗಲೂ ಇಮಿಗ್ರೇಷನ್ ದಾಟಬೇಕು, ದಾಟಲು ವೀಸಾ ಬೇಕು.

ಆದರೆ ಎಲ್ಲರಿಗೂ ಬೇಕಿಲ್ಲ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಜರ್ಮನಿ, ಸ್ವಿಟ್ಜರ್ಲೆಂಡ್ ಇವುಗಳಲ್ಲಿ ಒಂದರ ಊರ್ಜಿತ ವೀಸಾ ಇರುವ ಭಾರತೀಯರು ಮೂರನೆಯ ದೇಶಕ್ಕೆ ಹೋಗುವಾಗಲೋ ಬರುವಾಗಲೋ, ಮುಂದಿನ ಟಿಕೆಟ್ ಪಕ್ಕಾ ಇದ್ದರೆ, 96 ಗಂಟೆಯವರೆಗೆ ಸಿಂಗಪುರದೊಳಗೆ ಕಾಲಿಡಲು ಅವಕಾಶವಿದೆ. ಬಿಡುವುದು ಬಿಡದಿರುವುದು ಕೊನೆಗೆ ಅಧಿಕಾರಿಯ ಕೈಯಲ್ಲಿ; ಷರತ್ತುಗಳೂ ಬದಲಾಗುತ್ತಿರುತ್ತವೆ. ಟಿಕೆಟ್ ಕೊಳ್ಳುವಾಗ ಮಕ್ಕಳು ಅಲ್ಲಿನ ಇಮಿಗ್ರೇಷನ್ ಇಲಾಖೆಯ ತಾಣದಲ್ಲಿ ನೋಡಿ, ಹೊರಡುವ ಹೊತ್ತಿಗೆ ಆಗಮನದ ಅರ್ಜಿಯನ್ನೂ ತುಂಬಿಕೊಟ್ಟರೆ ಅಪ್ಪ ಅಮ್ಮ ಚೀಲ ಕಾಯುವುದು ತಪ್ಪುತ್ತದೆ. ಹೇಗಿದ್ದರೂ ಅವರ ಪಾಸ್‌ಪೋರ್ಟಿನಲ್ಲಿ ಆಸ್ಟ್ರೇಲಿಯಾದ್ದೋ ಅಮೆರಿಕದ್ದೋ ವೀಸಾ ಇದ್ದೇ ಇರುತ್ತದೆ. ನಾನು ಹೋದ ಬಸ್ಸಿನಲ್ಲಿ ಸೀರೆಯ ಮೇಲೆ ಸ್ವೆಟರ್ ತೊಟ್ಟ ಒಬ್ಬ ಅಜ್ಜಿಯೂ ಇರಲಿಲ್ಲ. ಟರ್ಮಿನಲ್ ತುಂಬ ಇದ್ದರು.

ಇಂಥ ಸೌಕರ್ಯ ಸಿಂಗಪುರದ್ದೊಂದೇ ಅಲ್ಲ. ಇಸ್ತಾನ್‌ಬುಲ್‌ನಲ್ಲಿ ಟರ್ಕಿಶ್ ಏರ್‌ಲೈನ್ಸ್ ತನ್ನ ಪ್ರಯಾಣಿಕರನ್ನು ಪುಕ್ಕಟೆ ಸುತ್ತಾಡಿಸುತ್ತದೆ. ಸೋಲ್ ಬಳಿಯ ಇಂಚಾನ್, ತೈವಾನಿನ ತೈಪೆಯಲ್ಲೂ ಇವೆ. ದೋಹಾದಲ್ಲಿ ದುಡ್ಡು ಕೊಟ್ಟು ಹೋಗಬೇಕು.

ನಮ್ಮಲ್ಲಿ? ದೇವನಹಳ್ಳಿಯ ನಿಲ್ದಾಣದಲ್ಲಿ ವಿಮಾನ ಬದಲಿಸಲು ಐದಾರು ಗಂಟೆ ಕಾಯುವವರು ದಿನವೂ ಇದ್ದಾರೆ. ದೇಶದೊಳಗಿನ ಪ್ರಯಾಣಿಕರಿಗೆ ವೀಸಾದ ರಗಳೆಯೂ ಇಲ್ಲ. ಕೂಗಳತೆಯಲ್ಲಿ ದೇವನಹಳ್ಳಿಯ ಕೋಟೆ, ಟಿಪ್ಪು ಹುಟ್ಟಿದ ಜಾಗ. ಇನ್ನಷ್ಟು ಮುಂದೆ ಹೋದರೆ ನಂದಿಯ ಭೋಗನಂದೀಶ್ವರ, ಆ ಕಲ್ಯಾಣಿ, ಆ ಕಂಬಗಳು. ಅಲ್ಲೇ ಪಕ್ಕದಲ್ಲಿ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ. ಎರಡೂವರೆ ಗಂಟೆಗೆ ಸಾಕಾಗಿ ಮಿಗುತ್ತದೆ. ಬೆಂಗಳೂರು ನಗರದ ಟ್ರಾಫಿಕ್ಕಿಗೆ ತಲೆ ಕೊಡಬೇಕಾಗಿಯೂ ಇಲ್ಲ, ಬಸ್ಸು ಉತ್ತರಕ್ಕೆ ತಿರುಗಿದರಾಯಿತು.

ಮೈಕು ಹಿಡಿಯಲು ತಕ್ಕವರೂ ಅಲ್ಲೇ ಇದ್ದಾರೆ. 2008ರಲ್ಲಿ ವಿಮಾನ ಇಳಿಯುವುದಕ್ಕೆ ಮೊದಲು ಆ ನಾಲ್ಕು ಸಾವಿರ ಎಕರೆ ಹೇಗಿತ್ತು, ದೇವನಹಳ್ಳಿ ಚಕ್ಕೋತಕ್ಕೆ ಆ ರುಚಿ ಎಲ್ಲಿಂದ ಬರುತ್ತಿತ್ತು, ಯಾವ ಕೆರೆ ಕೋಡಿ ಬಿದ್ದರೆ ಯಾವ ಊರಿಗೆ ನೀರು ಹೋಗುತ್ತಿತ್ತು ಎಂದು ಕಿಟಕಿಯಾಚೆ ಕೈ ತೋರಿಸಿ ಹೇಳಬಲ್ಲವರು ಸುತ್ತಲಿನ ಹಳ್ಳಿಗಳಲ್ಲಿ ಸಿಗುತ್ತಾರೆ. ಅವರಿಗೊಂದು ಬ್ಯಾಡ್ಜು ಕೊಡಲು ಯಾರೂ ಮುಂದೆ ಬಂದಿಲ್ಲ. ಆ ನೆಲವನ್ನು ಉತ್ತವರಿಗೆ ಈಗಾಗಲೇ ವಯಸ್ಸಾಗಿದೆ.