ಹರಿದ ಆಕ್ಸೆಲ್ ಬೂಟನ್ನು ಅಲಕ್ಷಿಸಬೇಡಿ

ನಮ್ಮ ಸಂಘದ ಸದಸ್ಯರಲ್ಲಿ ಹಳೆಯ ಕಾರು ಇಟ್ಟುಕೊಂಡವರೇ ಹೆಚ್ಚು. ಅಡಿಕೆ, ಕಾಫಿಯ ಧಾರಣೆಯನ್ನು ನೋಡಿಕೊಂಡು ಬಾಳುವ ನಾವು ನಾಲ್ಕು ವರ್ಷಕ್ಕೊಮ್ಮೆ ಕಾರು ಬದಲಿಸುವವರಲ್ಲ. ಇದ್ದುದನ್ನು ಜೋಪಾನ ಮಾಡಿ ಓಡಿಸುವವರು. ಆದುದರಿಂದಲೇ ಈ ಸಲ ಗೊಬ್ಬರ, ಔಷಧಿಗಳ ಮಾತನ್ನು ಬದಿಗಿಟ್ಟು, ಕಾರಿನ ಒಂದು ಸಣ್ಣ ರಬ್ಬರು ತುಂಡಿನ ಬಗ್ಗೆ ಬರೆಯುತ್ತಿದ್ದೇನೆ.

ಕುಂಭಾಶಿಯಲ್ಲಿ ವಾಸವಾಗಿರುವ ನನಗೆ, ಆನೆಗುಡ್ಡೆ ವಿನಾಯಕನ ಸನ್ನಿಧಿಗೆ ಪೂಜೆಗೆಂದು ತರುವ ಕಾರುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಮುಂದಿನ ಚಕ್ರದ ಅಡಿಗೆ ನಿಂಬೆಹಣ್ಣು ಇಡಲು ಬಗ್ಗಿದವರು ಇನ್ನೂ ಸ್ವಲ್ಪ ಬಗ್ಗಿ ಚಕ್ರದ ಹಿಂಬದಿಯನ್ನು ನೋಡಿದರೆ, ಕಪ್ಪು ಬಣ್ಣದ, ನಿರಿಗೆ ನಿರಿಗೆಯಾದ ಒಂದು ರಬ್ಬರು ಕವಚ ಕಾಣಿಸುತ್ತದೆ. ಅದೇ ಆಕ್ಸೆಲ್ ಬೂಟು. ಅದು ಹರಿದರೆ ಏನಾಗುತ್ತದೆ ಎಂಬುದನ್ನು ನಾನು ಸ್ವಂತ ಅನುಭವದಿಂದ ಕಲಿತಿದ್ದೇನೆ.

ನನ್ನದು ಹಳೆಯ ಮಾರುತಿ 800. ಒಂದು ವರ್ಷ ಮೇ ತಿಂಗಳ ಕೊನೆಯಲ್ಲಿ ಎಡಗಡೆಯ ಮುಂದಿನ ಚಕ್ರದ ಒಳಬದಿಗೆಲ್ಲ ಗ್ರೀಸು ಸಿಡಿದಿರುವುದು ಕಂಡಿತು. ಮೆಕ್ಯಾನಿಕ್ ಅದನ್ನು ನೋಡಿ, "ಸೆಕ್ರೆಟ್ರಿಯವ್ರೇ, ಮಳಿ ಬಪ್ಪುಕ್ ಮುಂಚೆ ಬೂಟ್ ಬದ್ಲ್ಸ್ಕಣಿ, ಇಲ್ದಿರೆ ಜಾಯಿಂಟೇ ಹೋತ್ತ್" ಎಂದು ಎಚ್ಚರಿಸಿದರು. ಆಗ ತೋಟದಲ್ಲಿ ಬೋರ್ಡೊ ಹೊಡೆಯುವ ಗಡಿಬಿಡಿ. ಆಳು ಸಿಕ್ಕಿದ ದಿನ ಕಾರನ್ನು ಗ್ಯಾರೇಜಿಗೆ ಬಿಡುವುದು ಹೇಗೆಂದು ಮುಂದೂಡಿದೆ. ಜುಲೈಯಲ್ಲಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ 'ಟಕ್ ಟಕ್' ಸದ್ದು ಶುರುವಾಯಿತು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಗಸ್ಟಿನಲ್ಲಿ ಒಂದು ದಿನ ಹೊಸನಗರದ ಕಡೆಯಿಂದ ಅಕ್ಕನನ್ನು ಕರೆದುಕೊಂಡು ಬಾಳೆಬರೆ ಘಾಟಿ ಇಳಿಯುತ್ತಿದ್ದೆ. ಗಾಡಿ ಎರಡನೆಯ ಗೇರಿನಲ್ಲಿತ್ತು. ಒಂದು ತಿರುವಿನಲ್ಲಿ 'ಟಣ್' ಎಂದು ದೊಡ್ಡ ಸದ್ದಾಯಿತು. ಇಂಜಿನ್ನಿನ ಶಬ್ದ ಇಳಿಯಿತು, ಕಾರಿನ ವೇಗ ಏರಿತು! ಕಾಲಿನ ಬ್ರೇಕನ್ನೂ ಕೈ ಬ್ರೇಕನ್ನೂ ಹಿಡಿದು, ಗುಡ್ಡದ ಬದಿಯ ಚರಂಡಿಗೆ ಒರಗಿಸಿ ನಿಲ್ಲಿಸಿದೆ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಕ್ಕ ಆ ಮೇಲೆ ನನ್ನ ಕಾರು ಹತ್ತಲು ಒಂದು ವರ್ಷ ಬೇಕಾಯಿತು.

ಬೂಟಿನ ಕೆಲಸವೇನು?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ನಮಗೆ ಈ ಚಿಂತೆ ಇರಲಿಲ್ಲ. ಅವುಗಳಲ್ಲಿ ಇಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಮುಂದಿನ ಚಕ್ರಗಳಿಗೆ ತಿರುಗುವ ಕೆಲಸ ಮಾತ್ರ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮುಂದಿನ ಚಕ್ರಗಳಿಂದಲೇ ಎಳೆಯುವ ಕಾರು. 2014ರಲ್ಲಿ ಅದರ ತಯಾರಿಕೆ ನಿಂತಿತಾದರೂ ನಮ್ಮ ಕಡೆ ಇನ್ನೂ ಓಡುತ್ತಿವೆ. ಅದರ ನಂತರದ ಝೆನ್, ಆಲ್ಟೋ, ವ್ಯಾಗನ್ ಆರ್, ಸ್ಯಾಂಟ್ರೊ, ಇಂಡಿಕಾಗಳೂ ಇದೇ ಜಾತಿ. ಓಮ್ನಿ ವ್ಯಾನಿನಲ್ಲಿ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವುದರಿಂದ ಅದಕ್ಕೆ ಈ ಲೇಖನ ಅನ್ವಯಿಸುವುದಿಲ್ಲ.

ಮುಂದಿನ ಚಕ್ರ ಏಕಕಾಲಕ್ಕೆ ಮೂರು ಕೆಲಸ ಮಾಡಬೇಕು: ಗಾಡಿಯನ್ನು ಎಳೆಯಬೇಕು, ಎಡಬಲಕ್ಕೆ ತಿರುಗಬೇಕು, ಹೊಂಡ ಸಿಕ್ಕಿದಲ್ಲಿ ಮೇಲೆ ಕೆಳಗೆ ಆಡಬೇಕು. ಹಿಂದಿನ ಚಕ್ರದ ಗಾಡಿಗಳ ಉದ್ದ ಶಾಫ್ಟಿನಲ್ಲಿರುವ ಸಾಮಾನ್ಯ ಕ್ರಾಸ್ ಜಾಯಿಂಟು ಇಷ್ಟು ಓರೆಯಾಗಿ ತಿರುಗಿದರೆ ಒಂದೊಂದು ಸುತ್ತಿನಲ್ಲಿ ಎರಡೆರಡು ಸಲ ವೇಗ ಏರಿಳಿದು ಕುಲುಕುತ್ತದೆ. ಇದಕ್ಕೆ ಪರಿಹಾರವಾಗಿ, ಫೋರ್ಡ್ ಕಂಪೆನಿಯ ಎಂಜಿನಿಯರ್ ಆಲ್‌ಫ್ರೆಡ್ ಝೆಪ್ಪಾ ಎಂಬವರು 1920ರ ದಶಕದಲ್ಲಿ ಆರು ಉಕ್ಕಿನ ಗುಂಡುಗಳ ಜಾಯಿಂಟನ್ನು ರೂಪಿಸಿದರು. ಎಷ್ಟು ಓರೆಯಾದರೂ ವೇಗ ಏರುಪೇರಾಗದಿರುವುದು ಅದರ ಗುಣ. 1959ರಲ್ಲಿ ಇಂಗ್ಲೆಂಡಿನ ಮಿನಿ ಕಾರಿನಲ್ಲಿ ಬಳಕೆಗೆ ಬಂದ ಮೇಲೆ ಸಣ್ಣ ಕಾರುಗಳಲ್ಲಿ ಇದು ಮನೆಮಾತಾಯಿತು. ಗ್ಯಾರೇಜಿನವರು ಸಿ.ವಿ. ಜಾಯಿಂಟ್ ಎನ್ನುವುದು ಇದಕ್ಕೇ.

ಎಡಕ್ಕೊಂದು, ಬಲಕ್ಕೊಂದು ಶಾಫ್ಟು. ಪ್ರತಿ ಶಾಫ್ಟಿಗೆ ಚಕ್ರದ ಬದಿಗೊಂದು, ಗೇರ್ ಬಾಕ್ಸಿನ ಬದಿಗೊಂದು ಜಾಯಿಂಟು. ಹೀಗೆ ಒಟ್ಟು ನಾಲ್ಕು ಜಾಯಿಂಟು, ನಾಲ್ಕು ಬೂಟು. ಬೂಟಿನ ಕೆಲಸ ಎರಡೇ: ಗ್ರೀಸನ್ನು ಒಳಗೆ ಇಟ್ಟುಕೊಳ್ಳುವುದು, ಕೆಸರನ್ನು ಹೊರಗೆ ತಡೆಯುವುದು. ಈ ಜಾಯಿಂಟಿಗೆ ಹೊರಗಿನಿಂದ ಗ್ರೀಸ್ ಹೊಡೆಯುವ ನಿಪ್ಪಲ್ ಇಲ್ಲ. ಬೂಟು ಸರಿಯಿದ್ದರೆ ಲಕ್ಷ ಕಿಲೋಮೀಟರು ದಾಟಿಯೂ ಅದು ಬಾಳುತ್ತದೆ. ಬೂಟು ಹರಿಯಿತೆಂದರೆ ತಿರುಗುವ ರಭಸಕ್ಕೆ ಗ್ರೀಸು ಹೊರಗೆ ಸಿಡಿಯುತ್ತದೆ, ಆ ಜಾಗಕ್ಕೆ ನೀರು, ಮರಳು, ಕೆಂಪು ಮಣ್ಣು ಸೇರುತ್ತವೆ. ಮಣ್ಣು ಸೇರಿದ ಗ್ರೀಸು ಅರೆಯುವ ಕಲ್ಲಿನ ಹಾಗೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಹೆಚ್ಚು ದಿನ ಬೇಡ.

ಘಾಟಿಯಲ್ಲಿ ಅಪಾಯ ಏಕೆ?

ಶಾಫ್ಟು ತುಂಡಾದರೆ ಗಾಡಿ ನಿಲ್ಲುತ್ತದೆ, ಅಷ್ಟೇ ಎಂದು ಹಲವರ ಎಣಿಕೆ. ಸಮತಟ್ಟಿನಲ್ಲಿ ಅದು ಸರಿ. ಆದರೆ ಡಿಫರೆನ್ಷಿಯಲ್‌ನ ರೀತಿಯೇ ಬೇರೆ. ಒಂದು ಬದಿಯ ಶಾಫ್ಟು ತುಂಡಾದರೆ ಇಂಜಿನ್ನಿನ ತಿರುಗುವಿಕೆಯೆಲ್ಲ ಆ ಖಾಲಿ ಬದಿಗೇ ಹರಿದುಹೋಗುತ್ತದೆ, ಇನ್ನೊಂದು ಚಕ್ರ ಸರಿಯಿದ್ದರೂ ಪ್ರಯೋಜನವಿಲ್ಲ. ಇಳಿಜಾರಿನಲ್ಲಿ ಗೇರು ಹಿಡಿದಿಡುವ ಶಕ್ತಿಯೂ ಹೀಗೆಯೇ ಒಮ್ಮೆಲೇ ಇಲ್ಲವಾಗುತ್ತದೆ. ನಿಲ್ಲಿಸಿದ ಗಾಡಿಯನ್ನು ಗೇರಿನಲ್ಲಿ ಬಿಟ್ಟರೂ ಉರುಳುತ್ತದೆ. ಆಗ ಇರುವುದು ಬ್ರೇಕು ಮಾತ್ರ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಾಗಲಿ, ಬಾಳೆಬರೆಯಲ್ಲಾಗಲಿ ಸ್ಟೀರಿಂಗ್ ಪೂರ್ತಿ ತಿರುಗಿದಾಗಲೇ ಜಾಯಿಂಟಿನ ಮೇಲೆ ಅತಿ ಹೆಚ್ಚಿನ ಒತ್ತಡ ಬೀಳುವುದು. ಘಟ್ಟದ ಮೇಲಿನ ಕಾಫಿ ಬೆಳೆಗಾರ ಮಿತ್ರರು ಇದನ್ನು ವಿಶೇಷವಾಗಿ ಗಮನಿಸಬೇಕು.

ಪರೀಕ್ಷೆ ಮಾಡುವ ಕ್ರಮ

ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಕೈ ಬ್ರೇಕ್ ಹಾಕಿ. ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಟಾರ್ಚು ಹಿಡಿದು ಚಕ್ರದ ಹಿಂಬದಿಯನ್ನು ನೋಡಿ. ನಿರಿಗೆಗಳ ಸಂದಿಯನ್ನು ಬೆರಳಿನಿಂದ ಬಿಡಿಸಿ ನೋಡಬೇಕು, ಏಕೆಂದರೆ ಬಿರುಕು ಹುಟ್ಟುವುದು ಅಲ್ಲಿಯೇ. ಒಳಬದಿಯ ಬೂಟು ಕಾಣದಿದ್ದರೆ ಗ್ಯಾರೇಜಿನ ಹೊಂಡದಲ್ಲಿ ನೋಡಿಸಿ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾವ ಕಾರಣಕ್ಕೂ ನುಸುಳಬೇಡಿ.

ಕಂಡದ್ದನ್ನು ಮೂರು ಬಗೆಯಾಗಿ ತಿಳಿಯಬಹುದು. ಒಂದನೆಯದು, ಬಿರುಕು ಇದೆ, ಗ್ರೀಸು ಹೊರಬಂದಿಲ್ಲ: ಮಳೆಗೆ ಮುಂಚೆ ಬೂಟು ಬದಲಿಸಿದರೆ ಸಾಕು. ಎರಡನೆಯದು, ಹರಿದು ಗ್ರೀಸು ಸಿಡಿದಿದೆ, ಆದರೆ ಸದ್ದಿಲ್ಲ: ಗಾಡಿಯನ್ನು ಆದಷ್ಟು ಕಡಿಮೆ ಓಡಿಸಿ, ಒಂದೆರಡು ದಿನದೊಳಗೆ ಬಿಚ್ಚಿಸಿ. ಒಳಗಿನ ಗ್ರೀಸನ್ನು ಬೆರಳುಗಳ ನಡುವೆ ಉಜ್ಜಿದಾಗ ನುಣುಪಾಗಿದ್ದರೆ, ಗುಂಡು ಮತ್ತು ಗುಂಡು ಓಡುವ ದಾರಿಯಲ್ಲಿ ಗೀರು, ಗುಳಿ ಇಲ್ಲದಿದ್ದರೆ, ಜಾಯಿಂಟು ಉಳಿದಂತೆ. ಮೂರನೆಯದು, ತಿರುವಿನಲ್ಲಿ 'ಟಕ್ ಟಕ್' ಸದ್ದು ಇದೆ ಅಥವಾ ಗ್ರೀಸು ಮರಳು ಮರಳಾಗಿದೆ: ಹೊಸ ಬೂಟು ಹಾಕಿ ಪ್ರಯೋಜನವಿಲ್ಲ, ಜಾಯಿಂಟನ್ನೇ ಅಥವಾ ಶಾಫ್ಟನ್ನೇ ಬದಲಿಸಬೇಕು. ಒಳಬದಿಯ ಜಾಯಿಂಟು ಸವೆದರೆ ಟಕ್ ಟಕ್ ಸದ್ದಿಗಿಂತ ಹೆಚ್ಚಾಗಿ, ಎಕ್ಸಿಲರೇಟರ್ ಒತ್ತಿದಾಗ ಗಾಡಿ ನಡುಗುತ್ತದೆ.

ಬದಲಿಸುವಾಗ ಗಮನಿಸಬೇಕಾದ್ದು

ಇದು ಮನೆಯಂಗಳದ ಕೆಲಸವಲ್ಲ, ಗ್ಯಾರೇಜಿನ ಕೆಲಸ. ಆದರೆ ಹತ್ತಿರ ನಿಂತು ನೋಡುವುದರಲ್ಲಿ ತಪ್ಪಿಲ್ಲ.

1. ಶಾಫ್ಟನ್ನು ಗೇರ್ ಬಾಕ್ಸಿನಿಂದ ಎಳೆದರೆ ಗೇರ್ ಆಯಿಲ್ ಸುರಿಯುತ್ತದೆ. ಜೋಡಿಸಿದ ಮೇಲೆ ಮಟ್ಟ ನೋಡಿ ತುಂಬಿಸಿದ್ದಾರೆಯೇ ಎಂದು ಕೇಳಿ. ಮರೆತರೆ ಬೂಟಿಗಾಗಿ ಗೇರ್ ಬಾಕ್ಸನ್ನೇ ಕಳೆದುಕೊಂಡಂತೆ.

2. ಹಳೆಯ ಗ್ರೀಸಿನ ಮೇಲೆ ಹೊಸತನ್ನು ತುಂಬಬಾರದು. ಜಾಯಿಂಟನ್ನು ತೊಳೆದು, ಪೂರ್ತಿ ಒಣಗಿಸಬೇಕು. ಪೆಟ್ರೋಲು, ಸೀಮೆಎಣ್ಣೆ ಹೊಸ ರಬ್ಬರಿಗೆ ತಾಗಬಾರದು.

3. ಬೂಟಿನ ಕಿಟ್ಟಿನೊಡನೆ ಬರುವ ಕಪ್ಪು ಗ್ರೀಸನ್ನೇ ಹಾಕಿಸಿ. ಅದರಲ್ಲಿ ಭಾರದ ಒತ್ತಡ ತಡೆಯುವ ಮಾಲಿಬ್ಡಿನಂ ಪುಡಿ ಇರುತ್ತದೆ. ಪಂಪ್‌ಸೆಟ್ಟಿಗೆ ತಂದಿಟ್ಟ ಗ್ರೀಸು ಇಲ್ಲಿ ನಡೆಯದು.

4. ಕಟ್ಟಲು ಕಿಟ್ಟಿನ ಪಟ್ಟಿಯೇ ಬೇಕು. ಬೇಲಿಯ ತಂತಿ ರಬ್ಬರನ್ನು ಕೊಯ್ಯುತ್ತದೆ. ಒಳಬದಿಯ ಬೂಟಿನ ಪಟ್ಟಿ ಬಿಗಿಯುವ ಮೊದಲು ಅದರ ಸಣ್ಣ ಬಾಯಿಯನ್ನು ತುಸು ಎತ್ತಿ ಗಾಳಿ ಸರಿಹೊಂದಿಸಬೇಕು. ಇಲ್ಲವಾದರೆ ಬೂಟು ಉಬ್ಬುತ್ತದೆ ಅಥವಾ ಒಳಗೆ ಎಳೆದುಕೊಳ್ಳುತ್ತದೆ.

5. ಹಬ್ಬಿನ ದೊಡ್ಡ ನಟ್ಟನ್ನು ಅಳತೆಯ ಬಿಗಿತಕ್ಕೆ ತಂದು, ಸಡಿಲಾಗದಂತೆ ಭದ್ರಪಡಿಸಬೇಕು.

6. ಒಂದು ಬೂಟು ಹರಿದಿದ್ದರೆ ಉಳಿದ ಮೂರರ ವಯಸ್ಸೂ ಅಷ್ಟೇ. ಎಲ್ಲವನ್ನೂ ನೋಡಿಸಿ.

ಶಾಫ್ಟು ಬಿಚ್ಚದೆ ಹಾಕಬಹುದಾದ ಸೀಳು ಬೂಟು ಸಿಗುತ್ತದೆ. ಅಂಟಿಸುವ ಜಾಗದಲ್ಲಿ ಸ್ವಲ್ಪ ಗ್ರೀಸು ಉಳಿದರೂ ಅದು ಬಿಟ್ಟುಕೊಳ್ಳುತ್ತದೆ. ಅದನ್ನು ತಾತ್ಕಾಲಿಕ ಎಂದೇ ತಿಳಿಯಿರಿ. ಸೈಕಲ್ ಟ್ಯೂಬು ಸುತ್ತಿ ಕಟ್ಟುವುದು ಗ್ಯಾರೇಜು ಮುಟ್ಟುವ ತನಕ ಮಾತ್ರ, ಅದೂ ಘಾಟಿ ಇಳಿಯುವುದಕ್ಕಲ್ಲ.

ಖರ್ಚಿನ ವಿಷಯ ಹೇಳುವುದಾದರೆ, ಬೂಟಿನದು ನೂರರ ಲೆಕ್ಕ, ಶಾಫ್ಟಿನದು ಸಾವಿರದ ಲೆಕ್ಕ. ಎರಡರ ಮಜೂರಿ ಹೆಚ್ಚು ಕಡಿಮೆ ಒಂದೇ, ಏಕೆಂದರೆ ಬಿಚ್ಚುವ ಕೆಲಸ ಒಂದೇ. ನಾನು ಒಂದು ದಿನ ಉಳಿಸಲು ಹೋಗಿ ಶಾಫ್ಟಿಗೂ, ಘಾಟಿಯಿಂದ ಗಾಡಿ ಎತ್ತಿ ತಂದದ್ದಕ್ಕೂ ತೆತ್ತೆ.

ಕೊಳೆರೋಗ ಬಂದ ಮೇಲೆ ಬೋರ್ಡೊ ಹೊಡೆದರೆ ಉದುರಿದ ಅಡಿಕೆ ಮರಕ್ಕೆ ಏರುವುದಿಲ್ಲ ಎಂಬುದು ನಮಗೆಲ್ಲ ತಿಳಿದದ್ದೇ. ಅದಕ್ಕಾಗಿಯೇ ಮಳೆಗೆ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಂದು ಸಲ ಹೊಡೆಯುತ್ತೇವೆ. ಸುಣ್ಣ, ಮೈಲುತುತ್ತ ತರಲು ಸಂಘಕ್ಕೆ ಬರುವ ಆ ಎರಡು ದಿನಗಳಂದೇ ಕಾರಿನ ಮುಂದೆ ಬಗ್ಗಿ ಬೂಟನ್ನೂ ನೋಡುವ ರೂಢಿ ಇಟ್ಟುಕೊಂಡರೆ ಮರೆಯುವ ಪ್ರಶ್ನೆಯೇ ಇಲ್ಲ. ಐದು ನಿಮಿಷದ ಕೆಲಸ. ಸದಸ್ಯ ಬಂಧುಗಳು ಈ ಮಳೆಗಾಲದಿಂದಲೇ ಆರಂಭಿಸಬೇಕೆಂದು ನನ್ನ ವಿನಂತಿ.

ಕಾರ್ಯದರ್ಶಿ